ಬಾಲಿಯ ಕಡಲತಳದಿಂದ ಒಂದು ಹಿಡಿ ಮಣ್ಣು

ಗದ್ವಾಲ

ನಮ್ಮ ಕಡೆ ಬಾವಿಯ ತಳ ಮುಟ್ಟಿ ಬಂದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮುಷ್ಟಿ ಬಿಚ್ಚಿ ಮಣ್ಣು ತೋರಿಸಬೇಕು. ನಾನು ಹುಟ್ಟಿ ಬೆಳೆದ ಮಕ್ತಲಿನ ತೋಟದ ಬಾವಿಗಳಲ್ಲಿ ಇದು ಸರಕಾರದ ಕಾನೂನಿಗಿಂತ ದೊಡ್ಡದು. ಮೆಟ್ಟಿಲ ಮೇಲೆ ಕೂತ ಹಿರಿಯರು ನೀರಿನಿಂದ ಎದ್ದವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕೈ ಖಾಲಿ ಇದ್ದರೆ, "ಏ, ನಡುವಿಂದ ಬಂದಾನ ಇಂವ, ಮತ್ತ ಹೋಗ್ಲಿ" ಎನ್ನುತ್ತಿದ್ದರು. ನಾನು ಎಂದೂ ಖಾಲಿ ಕೈಯಲ್ಲಿ ಬಂದವನಲ್ಲ. ಗದ್ವಾಲಿನಲ್ಲಿ ಬೀಜ-ಗೊಬ್ಬರದ ಅಂಗಡಿ ಹಾಕಿದ ಮೇಲೂ, ಹೊಟ್ಟೆ ಬಂದ ಮೇಲೂ, ಮೊಣಕಾಲು ನೋವು ಶುರುವಾದ ಮೇಲೂ ಈ ಮಾತನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಯೂರಿಯಾ ಒಯ್ಯಲು ಬಂದ ಐಜದ ರೈತರಿಗೆ ಚೀಲದ ಜೊತೆ ಈ ಕಥೆ ಪುಕ್ಕಟೆ.

ಬೀಜದ ಕಂಪನಿಗಳಿಗೆ ಒಂದು ಪದ್ಧತಿ ಇದೆ. ಹತ್ತಿ ಬೀಜ ಚೆನ್ನಾಗಿ ಮಾರಿಕೊಟ್ಟ ಅಂಗಡಿಯವರನ್ನು, ಸೀಜನ್ ಮುಗಿದ ಮೇಲೆ ಹಿಂಡುಗಟ್ಟಿ ಪರದೇಶಕ್ಕೆ ಕರೆದೊಯ್ಯುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಟೋಪಿ, ಒಂದೇ ಬಣ್ಣದ ಅಂಗಿ. ಕಳೆದುಹೋಗಬಾರದೆಂದು ಕುರಿಗಳ ಬೆನ್ನಿಗೆ ಬಣ್ಣ ಹಚ್ಚುವುದಿಲ್ಲವೇ, ಹಾಗೆ. ಈ ಸಲ ಬಾಲಿ ದ್ವೀಪ ಎಂದರು. ಅಂಗಡಿಗೆ ಎರಡು ಸೀಟು. ಎರಡನೆಯದು ನ್ಯಾಯವಾಗಿ ನನ್ನ ಹೆಂಡತಿ ಅನಸೂಯಳದು.

"ನಾ ಒಲ್ಲೆರಿ," ಎಂದಳು. "ಹೋದ ಸಲ ಥಾಯ್ಲೆಂಡಿನಾಗ ಬರೇ ಬಾಳಿಹಣ್ಣು ತಿಂದು ಜೀವ ಹಿಡದೀನಿ. ನಮ್ಮ ವೀರೇಶನ್ನ ಕರಕೊಂಡು ಹೋಗ್ರಿ. ನೀವಿಬ್ರೂ ನೀರಾಗಿನ ಕಪ್ಪಿಗಳು, ಅಲ್ಲೇ ಒದರಿಕೋತ ಕುಂದುರ್ರಿ."

ವೀರೇಶ ಅವಳ ತಮ್ಮ. ಗದ್ವಾಲಿನಲ್ಲೇ ಮಗ್ಗ ಇಟ್ಟುಕೊಂಡಿದ್ದಾನೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಆ ಎರಡನ್ನು ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದು ಬೆರಳಿನ ಕೆಲಸ, ಯಂತ್ರಕ್ಕೆ ಬರುವುದಿಲ್ಲ. ಅದರಲ್ಲಿ ನಮ್ಮ ವೀರೇಶನ ಕೈಗೆ ಸರಿಗಟ್ಟುವವರು ಓಣಿಯಲ್ಲಿ ಕಡಿಮೆ. ನನ್ನ ತಾಯಿಯ ತವರು ನಾರಾಯಣಪೇಟೆ, ಅದೂ ಸೀರೆಗೆ ಹೆಸರಾದ ಊರೇ. ಯಾವ ಊರಿನ ನೇಯ್ಗೆ ದೊಡ್ಡದು ಎಂದು ನನ್ನ ಮದುವೆಯ ಹಂದರದಲ್ಲಿ ನಮ್ಮಿಬ್ಬರಿಗೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಲ್ಲಿ ಮುಳುಗುವ ವಿದ್ಯೆಯನ್ನು ನಾವಿಬ್ಬರೂ ಅಂಡಮಾನಿನಲ್ಲಿ ಕಲಿತಿದ್ದೆವು. ಎರಡು ಸಲ ಹೋಗಿ, ಪರೀಕ್ಷೆ ಕೊಟ್ಟು, ಮೂವತ್ತು ಮೀಟರ್ ಆಳದವರೆಗೆ ಹೋಗಬಹುದು ಎಂಬ ಕಾರ್ಡು ಪಡೆದಿದ್ದೆವು. ವೀರೇಶ ಆ ಕಾರ್ಡನ್ನು ನಿಯಮ ಎಂದು ಓದಿದ. ನಾನು ಅವಮಾನ ಎಂದು ಓದಿದೆ. ಮಕ್ತಲಿನಲ್ಲಿ ಇಷ್ಟೇ ಮುಳುಗು ಎಂದು ನನಗೆ ಯಾವನೂ ಹೇಳಿರಲಿಲ್ಲ.

ತುಲಾಂಬೆನ್

ಉಳಿದ ಡೀಲರುಗಳೆಲ್ಲ ಟೋಪಿ ಹಾಕಿಕೊಂಡು ಬಸ್ಸು ಹತ್ತಿ ದೇವಸ್ಥಾನ, ಬಜಾರು ಎಂದು ಹೊರಟರು. ನಾವಿಬ್ಬರೂ ಹೊಟ್ಟೆನೋವೆಂದು ಸುಳ್ಳು ಹೇಳಿ ದ್ವೀಪದ ಪೂರ್ವದ ದಂಡೆಯಲ್ಲಿರುವ ತುಲಾಂಬೆನ್ ಎಂಬ ಹಳ್ಳಿಗೆ ಕಾರು ಮಾಡಿಕೊಂಡು ಹೋದೆವು. ಹಿಂದೆ ಬೆಂಕಿಯುಗುಳುವ ಬೆಟ್ಟ, ಮುಂದೆ ಕಡಲು. ದಂಡೆಯಲ್ಲಿ ಉಸುಕಿಲ್ಲ, ಬರೀ ಗುಂಡುಕಲ್ಲು. ನೀರೊಳಗೆ ಮಾತ್ರ ಕಪ್ಪು ಉಸುಕು, ನಮ್ಮ ಎರೆ ಹೊಲದ ಬಣ್ಣದ್ದೇ. ಅದನ್ನು ನೋಡಿದ್ದೇ ತಡ, ಪರದೇಶಕ್ಕೆ ಬಂದಿದ್ದೇನೆಂಬ ಅಂಜಿಕೆ ನನಗೆ ಅರ್ಧ ಹೋಗಿಬಿಟ್ಟಿತು. ಹೋಗಬಾರದಿತ್ತು.

ಅಲ್ಲಿಯ ಹೆಣ್ಣುಮಕ್ಕಳು ಗಾಳಿ ತುಂಬಿದ ಕಬ್ಬಿಣದಂಥ ಸಿಲಿಂಡರುಗಳನ್ನು ತಲೆಯ ಮೇಲೆ ಅಡ್ಡ ಇಟ್ಟುಕೊಂಡು ಆ ಗುಂಡುಕಲ್ಲುಗಳ ಮೇಲೆ ಬೀಸಿ ನಡೆಯುತ್ತಾರೆ. ಕೈ ಹಿಡಿಯುವುದೂ ಇಲ್ಲ. ನಮ್ಮ ಮಾಗನೂರಿನ ಕಡೆ ಹೊಳೆಯಿಂದ ಕೊಡ ಹೊತ್ತು ಬರುವವರನ್ನು ನೋಡಿ ಬೆಳೆದ ನನಗೂ ಬಾಯಿ ತೆರೆಯಿತು. ನಾನು ಬರಿಗೈಯಲ್ಲಿ ಅದೇ ಕಲ್ಲುಗಳ ಮೇಲೆ ನಡೆಯಲು ಹೋಗಿ ಮೂರು ಸಲ ಕುಂಡಿ ಊರಿದೆ. ಪ್ರತಿ ಸಲವೂ ಅವರು ನಕ್ಕರು, ಪ್ರತಿ ಸಲವೂ ಒಬ್ಬಾಕೆ ಕೈ ಕೊಟ್ಟು ಎಬ್ಬಿಸಿದಳು.

ಮುಳುಗುವ ಅಂಗಿ ಹಾಕಿಕೊಳ್ಳುವುದು ಇನ್ನೊಂದು ಕಥೆ. ಅದು ರಬ್ಬರಿನದು, ಮೈಗೆ ಅಂಟಬೇಕು. ನನ್ನ ಅಳತೆಯದು ಎಂದು ಕೊಟ್ಟದ್ದು ನನ್ನ ಮದುವೆಯ ಕಾಲದ ಅಳತೆಯದಿರಬೇಕು. ವೀರೇಶ ಹಿಂದಿನಿಂದ ಜಿಪ್ಪು ಎಳೆದ, ಸಿಲಿಂಡರಿನ ಹೆಣ್ಣುಮಗಳೊಬ್ಬಳು ಮುಂದಿನಿಂದ ಹೊಟ್ಟೆ ಒತ್ತಿದಳು.

"ಉಸುರು ಬಿಡ್ರಿ ಮಾಮಾ, ಉಸುರು ಬಿಡ್ರಿ!"

"ಬಿಟ್ಟೀನೋ! ಇನ್ನ ಬಿಡಾಕ ಏನೂ ಉಳದಿಲ್ಲ!"

"ಶೇಂಗಾ ಚೀಲಾನೂ ಇಷ್ಟು ತುಂಬಂಗಿಲ್ಲ ಬಿಡ್ರಿ," ಎಂದ ಅವನು.

ಅಲ್ಲಿ ಎಲ್ಲಿ ನೋಡಿದರೂ ಎಲೆಯ ಪುಟ್ಟ ದೊನ್ನೆ. ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ, ಒಂದು ಊದಿನಕಡ್ಡಿ. ಅಂಗಡಿಯ ಮೆಟ್ಟಿಲಿಗೆ, ಮೋಟಾರ್ ಸೈಕಲ್ಲಿಗೆ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರಕ್ಕೂ ದಿನಾ ಪೂಜೆ. ನಮ್ಮಲ್ಲಿ ದಸರೆಗೊಮ್ಮೆ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಕೈ ತೊಳೆದುಕೊಳ್ಳುತ್ತೇವೆ. ನಾನು ಆ ಯಂತ್ರಕ್ಕೆ ಭಕ್ತಿಯಿಂದ ಕೈ ಮುಗಿದೆ. ಅದರ ಗಾಳಿಯ ಬಗ್ಗೆ ಹೇಳಿದ ಮಾತನ್ನು ಅಷ್ಟೇ ಭಕ್ತಿಯಿಂದ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಹೇಳಿದವಳು ಕೆತುತ್, ನಮ್ಮನ್ನು ನೀರಿಗೆ ಕರೆದೊಯ್ಯುವ ಗೈಡು. ಬಾಲಿಯಲ್ಲಿ ಹುಟ್ಟಿದ ಸಾಲಿನ ಪ್ರಕಾರ ಹೆಸರಿಡುತ್ತಾರಂತೆ, ನಾಲ್ಕನೆಯ ಮಗು ಹೆಣ್ಣಾದರೂ ಗಂಡಾದರೂ ಕೆತುತ್. ಇಂಗ್ಲಿಷಿನಲ್ಲಿ ನಿಧಾನವಾಗಿ, ಕೈ ಸನ್ನೆ ಕೂಡಿಸಿ ಹೇಳಿದಳು. ನೀರೊಳಗೆ ಒಂದು ಗೋಡೆ ಇದೆ. ಅದರ ಪಕ್ಕದಲ್ಲಿ ಇಳಿಯೋಣ. ಮೂವತ್ತು ಮೀಟರ್ ಆಯಿತೆಂದರೆ ನಿಲ್ಲಬೇಕು.

"ಗೋಡೆ ಅಲ್ಲಿಗೇ ಮುಗಿಯುತ್ತದೆಯೇ?" ಎಂದೆ.

ಇಲ್ಲ, ಅದರ ದುಪ್ಪಟ್ಟು ಆಳಕ್ಕೆ ಹೋಗುತ್ತದೆ ಎಂದಳು. ಅಲ್ಲಿಗೆ ಹೋಗುವವರು ಬೇರೆ ಥರದ ಗಾಳಿ ಬೆರೆಸಿ ಒಯ್ಯುತ್ತಾರೆ, ಅದಕ್ಕೆ ಬೇರೆಯೇ ಕಲಿಕೆ ಇದೆ. "ಬರೀ ಈ ಸಾದಾ ಗಾಳಿಯಲ್ಲೇ ಹೋಗುವವರೂ ಇದ್ದಾರೆ," ಎಂದು ಸ್ವಲ್ಪ ತಡೆದು, "ಅವರಲ್ಲಿ ಕೆಲವರು ಮೇಲೆ ಬರುತ್ತಾರೆ," ಎಂದಳು.

ಯಾಕೆಂದು ಬಿಡಿಸಿ ಹೇಳಿದಳು. ಆಳಕ್ಕೆ ಹೋದಂತೆ ನೀರಿನ ಭಾರ ಗಾಳಿಯನ್ನು ಹಿಂಡುತ್ತದೆ. ಮೇಲೆ ಒಂದು ಉಸಿರಿನಲ್ಲಿ ಎಷ್ಟು ಗಾಳಿಯೋ, ಕೆಳಗೆ ಒಂದೇ ಉಸಿರಿನಲ್ಲಿ ಅದರ ನಾಲ್ಕೈದು ಪಟ್ಟು. ಗಾಳಿಯಲ್ಲಿರುವ ನೈಟ್ರೋಜನ್ ಅಷ್ಟು ಒಳಗೆ ಹೋದರೆ ಅಮಲು ಏರುತ್ತದೆ. ಇನ್ನೂ ಕೆಳಗೆ ಹೋದರೆ ಜೀವ ಉಳಿಸುವ ಆಮ್ಲಜನಕವೇ ವಿಷವಾಗಿ ಮೂರ್ಛೆ ಬರುತ್ತದೆ. ಗಾಳಿ ದಪ್ಪವಾಗಿ ಎಳೆಯುವುದೇ ಕಷ್ಟ, ಒಳಗಿನ ಕೆಟ್ಟ ಗಾಳಿ ಪೂರಾ ಹೊರಗೆ ಹೋಗುವುದಿಲ್ಲ. ಅಷ್ಟಾಗಿ, ಗಾಬರಿಯಲ್ಲಿ ದಡದಡ ಮೇಲೆ ಬಂದರೆ, ಮೈಯಲ್ಲಿ ಕರಗಿದ ನೈಟ್ರೋಜನ್ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ. ಗುಳ್ಳೆ ಕೀಲಿಗೆ ಹೋಗಿ ಕೂತರೆ ನೋವು, ನರಕ್ಕೆ ಹೋಗಿ ಕೂತರೆ ದೇವರೇ ಗತಿ.

"ನೈಟ್ರೋಜನ್ನೇ?" ಎಂದೆ ನಾನು, ನಕ್ಕು. "ನಾನು ಅದರ ಡೀಲರು! ಚೀಲಗಟ್ಟಲೆ ಮಾರುತ್ತೇನೆ!"

ಕೆತುತ್ ನಗಲಿಲ್ಲ. ಅಮಲೇರಿದವನಿಗೆ ಅಮಲೇರಿದ್ದು ಗೊತ್ತಾಗುವುದಿಲ್ಲ, ಅದಕ್ಕೇ ಒಬ್ಬರ ಮೇಲೊಬ್ಬರು ಕಣ್ಣಿಡಬೇಕು ಎಂದು ನಮ್ಮಿಬ್ಬರನ್ನೂ ತೋರಿಸಿದಳು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಯೂರಿಯಾ ಹೆಚ್ಚು ಹಾಕಬೇಡ್ರಪ್ಪಾ, ಪೈರು ಹಸಿರಾಗಿ ಕುಣಿದು ಕಡೆಗೆ ನೆಲಕ್ಕೆ ಮಲಗುತ್ತದೆ ಎಂದು ನಾನು ಅಂಗಡಿಯಲ್ಲಿ ಹೇಳಿದಾಗ ರೈತರು ಆಡಿಸುತ್ತಾರಲ್ಲ, ಅದೇ ತಲೆ.

ಗೋಡೆ

ನೀರು ಬೆಚ್ಚಗಿತ್ತು, ತಿಳಿಯಾಗಿತ್ತು. ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಗೋಡೆಯ ಪಕ್ಕದಲ್ಲಿ ಇಳಿಯುತ್ತ ಇಳಿಯುತ್ತ ಮೂವತ್ತರ ಹತ್ತಿರ ಬಂದಾಗ, ಕೆತುತ್ ಬೀಸಣಿಗೆಯಂಥ ಒಂದು ಹವಳದ ಮುಂದೆ ನಿಂತು ಬೆರಳು ತೋರಿಸಿದಳು. ಸಜ್ಜೆ ಕಾಳಿನಷ್ಟು ದೊಡ್ಡ ಕಡಲಕುದುರೆ ಅಲ್ಲಿ ಕೂತಿದೆಯಂತೆ. ವೀರೇಶನ ಕಣ್ಣು ನೇಕಾರನ ಕಣ್ಣು, ತಕ್ಷಣ ಕಂಡಿತು. ಖುಷಿಯಿಂದ ಕಾಲು ಬಡಿದ. ನನ್ನ ಓದುವ ಚಷ್ಮಾ ಹೋಟೆಲಿನಲ್ಲಿತ್ತು. ಹತ್ತಿರ ಹೋಗಿ ನೋಡಿದೆ, ದೂರ ಸರಿದು ನೋಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ. ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ. ಅವರಿಬ್ಬರೂ ಅದನ್ನೇ ನೋಡುತ್ತ ನಿಂತರು. ನನಗೆ ಸಿಟ್ಟು ಬಂತು. ಕೆಳಗೆ ನೋಡಿದೆ.

ಕೆಳಗೆ ಗೋಡೆ ಒಂದು ಕಡೆ ಚಾಚಿಕೊಂಡು ಕಟ್ಟೆಯಾಗಿತ್ತು. ಅದರ ಮೇಲೆ ಕಪ್ಪು ಉಸುಕು. ಎಷ್ಟು ಹತ್ತಿರ! ಕೈ ಚಾಚಿದರೆ ಸಿಗುವಷ್ಟು. ಕೈ ಚಾಚಿದೆ. ಇನ್ನೊಂದು ಚೂರು. ಮತ್ತೊಂದು ಚೂರು.

ಆಮೇಲಿನದನ್ನು ನೆನೆಸಿಕೊಂಡರೆ ನನಗೇ ನಾಚಿಕೆ. ನನಗೆ ಭಯವಾಗಲಿಲ್ಲ, ಪರಮಸುಖವಾಯಿತು. ಜಗತ್ತಿನ ಮೇಲೆಲ್ಲ ಪ್ರೀತಿ ಬಂತು. ಕೊಟ್ಟ ಸಾಲ ತೀರಿಸದ ಗಿರಾಕಿಗಳ ಮೇಲೂ ಬಂತು ಎಂದರೆ ಅಮಲು ಎಷ್ಟಿರಬೇಕು ನೀವೇ ನೋಡಿ. ನನ್ನ ಮಣಿಕಟ್ಟಿನ ಆಳ ತೋರಿಸುವ ಗಡಿಯಾರ ಕಿಂಯ್ ಕಿಂಯ್ ಎಂದು ಕೂಗತೊಡಗಿತು. ಅದು ಫೋನೆಂದು ತಿಳಿದೆ. ಯಾರೋ ರೈತ ಯೂರಿಯಾಕ್ಕೆ ಮಾಡುತ್ತಿದ್ದಾನೆ. ಲಾರಿ ಬಂದಿಲ್ಲಪ್ಪೋ, ನಾಳಿ ಬಾ ಎಂದು ಬಾಯಲ್ಲಿದ್ದ ಗಾಳಿಯ ನಳಿಗೆಯೊಳಗೇ ಹೇಳಿದೆ. ನೀರಲ್ಲಿ ಗುಳುಗುಳು ಎಂದಿತು. ಗಿರಾಕಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಕೂಗುತ್ತಲೇ ಇದ್ದ.

ತಲೆಯಲ್ಲಿ ಒಂದೇ ಒಂದು ವಿಚಾರ ಮಾತ್ರ ಗಟ್ಟಿಯಾಗಿತ್ತು. ತಳಕ್ಕೆ ಬಂದಿದ್ದೇನೆ, ಮಣ್ಣು ಒಯ್ಯಬೇಕು. ಖಾಲಿ ಕೈಯಲ್ಲಿ ಎದ್ದರೆ ಮೆಟ್ಟಿಲ ಮೇಲಿನವರು ಏನಂದಾರು?

ಮೇಲಿನಿಂದ ಟಣ್ ಟಣ್ ಎಂದು ಸಿಲಿಂಡರ್ ಬಡಿದ ಸದ್ದು. ಕೆತುತ್ ಕರೆಯುತ್ತಿದ್ದಳು. ಅಷ್ಟರಲ್ಲಿ ಯಾರೋ ನನ್ನ ಬಲಗೈ ಹಿಡಿದರು. ವೀರೇಶ. ಅವನ ಕಣ್ಣು ಮುಖವಾಡದ ಗಾಜಿನ ಹಿಂದೆ ಇಷ್ಟು ಅಗಲ. ಮೇಲೆ ಮೇಲೆ ಎಂದು ಹೆಬ್ಬೆರಳು ತೋರಿಸುತ್ತಿದ್ದ. ನಾನು ಒಲ್ಲೆ ಎಂದು ತಲೆಯಾಡಿಸಿದೆ. ಅವನು ಜಗ್ಗಿದ. ನಾನು ಒದ್ದೆ. ಹೌದು, ನನ್ನ ಜೀವ ಉಳಿಸಲು ಬಂದ ಹುಡುಗನಿಗೆ ಒದ್ದೆ. ಆ ಜಗ್ಗಾಟದಲ್ಲಿ ಉಸಿರು ಸಾಲದಾಯಿತು. ಎಳೆದರೆ ಗಾಳಿಯಲ್ಲ, ಗಟ್ಟಿ ಅಂಬಲಿ ಬಂದ ಹಾಗೆ. ಆಗಲೂ ಬಿಡದೆ, ಖಾಲಿಯಿದ್ದ ಎಡಗೈಯನ್ನು ಉಸುಕಿನಲ್ಲಿ ಮೊಣಕೈತನಕ ಇಟ್ಟು ಒಂದು ಹಿಡಿ ಬಾಚಿಕೊಂಡೆ. ಸಿಕ್ಕಿತು! ಮುಷ್ಟಿ ಬಿಗಿದೆ.

ಈಗ ಮುಳುಗುವವರ ಒಂದು ಸಂಗತಿ ಹೇಳಬೇಕು. ನಾವು ಹಾಕಿಕೊಳ್ಳುವ ಜಾಕೀಟಿನಲ್ಲಿ ಗಾಳಿ ತುಂಬಬಹುದು, ಬಿಡಬಹುದು. ಕೆಳಗೆ ಭಾರವಾಗಿ ಕೂತ ನನ್ನನ್ನು ಎತ್ತಲು ವೀರೇಶ ನನ್ನ ಜಾಕೀಟಿಗೆ ಗಾಳಿ ತುಂಬಿದ. ಮೇಲೆ ಏರಿದಂತೆ ಆ ಗಾಳಿ ಉಬ್ಬುತ್ತದೆ, ಏರುವವನು ತನ್ನ ಎಡಗೈಯಿಂದ ಗುಂಡಿ ಒತ್ತಿ ಅದನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಹೋಗಬೇಕು. ಇಲ್ಲದಿದ್ದರೆ ಬೂರುಗದ ಕಾಯಿ ಒಡೆದ ಹಾಗೆ ನೇರ ಮೇಲಕ್ಕೆ. ನನ್ನ ಎಡಗೈಯಲ್ಲಿ ಮಣ್ಣಿತ್ತು. ಬಿಡಲಿಲ್ಲ. ಮುಷ್ಟಿ ಬಿಚ್ಚೆಂದು ವೀರೇಶ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ, ನಾನು ಇನ್ನೂ ಬಿಗಿದೆ. ಕಡೆಗೆ ಅವನು ನನ್ನನ್ನು ತಬ್ಬಿಕೊಂಡು, ನನ್ನ ಗಾಳಿಯನ್ನು ತಾನೇ ಬಿಡುತ್ತ ಬಂದ. ತನ್ನ ಜಾಕೀಟಿನ ಗಾಳಿ ಬಿಡಲು ಅವನಿಗೆ ಮೂರನೆಯ ಕೈ ಇರಲಿಲ್ಲ. ನಡುವೆ ಕೆತುತ್ ನನ್ನ ಕಾಲು ಹಿಡಿದಳು, ಜಾರಿತು. ನಿಂತು ನಿಂತು ಏರಬೇಕಾದ ಕಡೆ ಎಲ್ಲಿಯೂ ನಿಲ್ಲದೆ ನಾವಿಬ್ಬರೂ ಬಿಸಿಲಿಗೆ ಬಂದು ಬಿದ್ದೆವು.

ದಂಡೆ

ನೀರಿನಿಂದ ತಲೆ ಎತ್ತಿದ ಕೂಡಲೇ ಅಮಲು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಪೂರ್ತಿ ಇಳಿದಿರಲಿಲ್ಲ. ನಾನು ಎಡಗೈ ಎತ್ತಿ, ಮುಷ್ಟಿ ಬಿಚ್ಚಿ, "ತಂದೀನ್ರಿ!" ಎಂದು ಇಡೀ ಬಾಲಿಗೆ ಕೇಳುವಂತೆ ಕೂಗಿದೆ. ಬೆರಳ ಸಂದಿಯಲ್ಲಿ ಚಿಟಿಕೆಯಷ್ಟು ಕಪ್ಪು ಉಸುಕು ಉಳಿದಿತ್ತು. ದಂಡೆಯ ಮೇಲಿದ್ದ ಹೆಣ್ಣುಮಕ್ಕಳು ಸಿಲಿಂಡರ್ ಹೊತ್ತವರು ಹೊತ್ತ ಹಾಗೇ ನಿಂತು ನೋಡಿದರು. ಈ ಸಲ ಯಾರೂ ನಗಲಿಲ್ಲ.

"ತಲಿ ಕೆಟ್ಟೈತೇನ್ ನಿನಗ!" ಎಂದ ವೀರೇಶ.

ಅಕ್ಕನ ಗಂಡನೆಂದು ಅಂದಿನವರೆಗೆ ಅವನು ನನ್ನನ್ನು ಏಕವಚನದಲ್ಲಿ ಕರೆದವನಲ್ಲ. ಆ ಒಂದು ಮಾತಿಗೆ ನನ್ನ ಅಮಲೆಲ್ಲ ಇಳಿದುಹೋಯಿತು. ಕೆತುತ್ ಹಿಂದಿನಿಂದ ಬಂದು ನಮ್ಮ ಗಡಿಯಾರಗಳನ್ನು ನೋಡಿದಳು. ಅವಳ ಮುಖ ಬಿಳಚಿತು. ಬೈಯಲೂ ಇಲ್ಲ. ಇಬ್ಬರನ್ನೂ ನೆರಳಿಗೆ ಎಳೆದು ಮಲಗಿಸಿ, ಮೂಗಿಗೆ ಆಮ್ಲಜನಕ ಹಿಡಿಸಿ, ಕೈಕಾಲು ಜುಮುಗುಡುತ್ತದೆಯೇ, ನೋಯುತ್ತದೆಯೇ ಎಂದು ಕೇಳತೊಡಗಿದಳು. ಇಲ್ಲ ಎಂದೆ. ವೀರೇಶನೂ ಇಲ್ಲ ಎಂದ.

ಸ್ವಲ್ಪ ಹೊತ್ತಿಗೆ ಯಾರೋ ನೀರು ತಂದುಕೊಟ್ಟರು. ವೀರೇಶ ಬಲಗೈಯಲ್ಲಿ ಲೋಟ ಹಿಡಿದ. ಲೋಟ ಕೆಳಗೆ ಬಿತ್ತು. ನೆಲಕ್ಕೆ ಬಿದ್ದ ಲೋಟವನ್ನೂ ತನ್ನ ಕೈಯನ್ನೂ ಒಂದಾದ ಮೇಲೊಂದು ನೋಡಿದ. ಮತ್ತೆ ಎತ್ತಲು ಹೋದ. ಬೆರಳು ಲೋಟವನ್ನು ಸುತ್ತಿದವು, ಹಿಡಿಯಲಿಲ್ಲ.

"ಮಾಮಾ," ಎಂದ ಮೆಲ್ಲಗೆ, "ಬೆರಳು ನನ್ನವು ಅನಿಸವಲ್ದು. ಭುಜದಾಗ ಯಾರೋ ಗೂಟ ಬಡದಂಗಾಗೈತಿ."

ನನ್ನ ಕೈಗೆ ಏನೂ ಆಗಿರಲಿಲ್ಲ. ಅವನ ಜೊತೆಯಲ್ಲೇ ಹೋದೆ, ಅವನಿಗಿಂತ ಮೊದಲು ಕೆಳಗಿಳಿದೆ, ಒದ್ದವನೂ ನಾನೇ. ನನ್ನ ಹತ್ತೂ ಬೆರಳು ನೆಟ್ಟಗಿದ್ದವು. ಗೊಬ್ಬರದ ಚೀಲ ಎಣಿಸುವುದಕ್ಕೆ ಹತ್ತು ಬೆರಳು ಯಾಕೆ ಬೇಕು ಹೇಳಿ. ಮಗ್ಗದ ಮುಂದೆ ಕೂರುವವನ ಕೈಯನ್ನು ನಾನು ಹಾಳು ಮಾಡಿದ್ದೆ. ನನಗೆ ಕೂಗಿ ಅಳಬೇಕೆನಿಸಿತು, ಮೂಗಿನ ಮೇಲೆ ಮುಖವಾಡ ಇದ್ದದ್ದರಿಂದ ಅದೂ ಆಗಲಿಲ್ಲ.

ಡೆನ್ಪಸಾರ್

ಪಟ್ಟಣದ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ಉಕ್ಕಿನ ಕೋಣೆ ಇದೆ. ನೋಡಲು ಸೀಮೆಎಣ್ಣೆ ಟ್ಯಾಂಕರಿನ ಹಾಗೆ, ಪಕ್ಕಕ್ಕೆ ಒಂದು ಗುಂಡನೆಯ ಕಿಟಕಿ. ಅದರೊಳಗೆ ಕೂರಿಸಿ, ಬಾಗಿಲು ಹಾಕಿ, ಗಾಳಿಯ ಒತ್ತಡ ಏರಿಸುತ್ತಾರೆ. ಅಂದರೆ ಮನುಷ್ಯನನ್ನು ಒಣ ನೆಲದ ಮೇಲೆಯೇ ಮತ್ತೆ ಆಳಕ್ಕೆ ಒಯ್ದು, ಗುಳ್ಳೆಗಳನ್ನು ಹಿಂಡಿ, ಆಮ್ಲಜನಕ ಕೊಡುತ್ತ ನಿಧಾನವಾಗಿ ಮೇಲೆ ತರುವುದು. ಒಮ್ಮೆ ಅವಸರದಲ್ಲಿ ಬಂದ ದಾರಿಯಲ್ಲೇ ಈಗ ಸಾವಕಾಶವಾಗಿ ಬರಬೇಕು.

ಡಾಕ್ಟರು ನನ್ನನ್ನೂ ಬಡಿದು, ಚುಚ್ಚಿ, ಗೆರೆಯ ಮೇಲೆ ನಡೆಸಿ ನೋಡಿ, ನಿನಗೇನಿಲ್ಲ, ಆದರೂ ಇಲ್ಲೇ ಇರು ಎಂದರು. ವೀರೇಶನ ಕೈ ಸರಿಹೋಗುತ್ತದೆಯೇ ಎಂದು ಕೇಳಿದೆ. ಬಹಳ ಜನರಿಗೆ ಹೋಗುತ್ತದೆ ಎಂದರು. ಬಹಳ ಜನರಿಗೆ ಎಂದರೆ ಇವನಿಗೆ ಹೋಗುತ್ತದೋ ಇಲ್ಲವೋ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ನಾನೂ ಬೀಜ ಮಾರುವಾಗ ಹಾಗೇ ಹೇಳುತ್ತೇನೆ, ಎಲ್ಲವೂ ಮೊಳೆಯುತ್ತವೆ ಎಂದು ಯಾರೂ ಬರೆದು ಕೊಡುವುದಿಲ್ಲ.

ಕಿಟಕಿಯ ಈಚೆ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ವೀರೇಶ ಮುಖವಾಡ ಹಾಕಿಕೊಂಡು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆಗಾಗ ಎಡಗೈಯಿಂದ ಆ ಬೆರಳುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ಕಿಟಕಿಯಲ್ಲಿ ಹಲ್ಲು ಕಿರಿದು ಹೆಬ್ಬೆರಳು ತೋರಿಸಿದೆ. ಮುಳುಗುವವರ ಭಾಷೆಯಲ್ಲಿ ಅದರ ಅರ್ಥ 'ಮೇಲೆ ಹೋಗೋಣ' ಎಂದು ಆಮೇಲೆ ನೆನಪಾಯಿತು. ನಾನು ಅವನಿಗೆ ಕೊಡಬೇಕಾದ ಸಂಜ್ಞೆ ಅದಲ್ಲ.

ಅನಸೂಯಳ ಫೋನು ಬರತೊಡಗಿತು. ಮೊದಲ ಸಲ, ಅವನು ಮಲಗ್ಯಾನ ಎಂದೆ. ಎರಡನೆಯ ಸಲ, ಸಿಗಡಿ ತಿಂದು ಹೊಟ್ಟಿ ಕೆಟ್ಟೈತಿ ಎಂದೆ. ನಾವು ಲಿಂಗ ಕಟ್ಟಿದವರು. ಸಿಗಡಿಯ ಮಾತು ಬಾಯಿಂದ ಹೇಗೆ ಬಂತೋ ಆ ಶಿವನಿಗೇ ಗೊತ್ತು. ಸುಳ್ಳು ಹೇಳುವುದರಲ್ಲೂ ಒಂದು ಲೆಕ್ಕ ಬೇಕು.

"ಏನ್ರಿ," ಎಂದಳು ಅವಳು. "ನಿಮ್ಮ ದನಿ ನಡಗಾಕತ್ತೈತಿ. ನಮ್ಮ ವೀರೇಶಗ ಏನಾಗೈತಿ ಖರೆ ಹೇಳ್ರಿ."

ಹೇಳಿದೆ. ಬಾವಿ, ಗೋಡೆ, ಮಣ್ಣು, ಒದ್ದದ್ದು, ಎಲ್ಲ ಹೇಳಿದೆ. ಕಡೆಗೆ ನೇಕಾರರ ಮನೆಯ ಮಗಳು ಒಂದೇ ಮಾತು ಕೇಳಿದಳು.

"ಯಾವ ಕೈ?"

"ಬಲಗೈ," ಎಂದೆ.

ಫೋನು ಇಟ್ಟುಬಿಟ್ಟಳು. ಆಮೇಲೆ ಅವಳು ಫೋನು ಮಾಡಿದರೆ ಆಸ್ಪತ್ರೆಯ ಕೋಣೆಗೆ, ತಮ್ಮನಿಗೆ. ನನ್ನ ಫೋನಿಗೆ ಬರಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡೀಲರುಗಳ ಹಿಂಡು ಟೋಪಿ ಹಾಕಿಕೊಂಡು ವಿಮಾನ ಹತ್ತಿತು, ನಾವಿಬ್ಬರೂ ಉಳಿದೆವು.

ಆಸ್ಪತ್ರೆಯ ಕೋಣೆ

ದಿನಕ್ಕೊಮ್ಮೆ ಅವನು ಉಕ್ಕಿನ ಕೋಣೆಗೆ ಹೋಗಿ ಬರುತ್ತಿದ್ದ. ಭುಜದ ನೋವು ಇಳಿಯಿತು. ಲೋಟ ಹಿಡಿಯತೊಡಗಿದ. ಡಾಕ್ಟರಿಗೆ ಸಂತೋಷವಾಯಿತು. ವೀರೇಶನಿಗೆ ಆಗಲಿಲ್ಲ.

"ಲೋಟ ಯಾರರ ಹಿಡೀತಾರ್ರಿ ಮಾಮಾ," ಎಂದ. "ಎಳಿ ಗೊತ್ತಾಗಬೇಕು. ಒಂದು ಎಳಿ ಕೊಡ್ರಿ."

ನನ್ನ ಹತ್ತಿರ ನಾರಾಯಣಪೇಟೆಯ ಹತ್ತಿ ಟವಲಿತ್ತು. ಅದರ ಅಂಚಿನಿಂದ ಎಳೆಗಳನ್ನು ಬಿಡಿಸಿದೆ. ಅವನು ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳು ಮುಂದೆ ಹಿಡಿದ. ನಾನು ನಡುವೆ ಎಳೆ ಇ‌ಡಬೇಕು, ಎಷ್ಟೆಂದು ಅವನು ಹೇಳಬೇಕು. ಒಂದು ಇಟ್ಟೆ. ಬಹಳ ಹೊತ್ತು ಹೊಸಕಿ ಹೊಸಕಿ ನೋಡಿದ.

"ಎರಡು," ಎಂದ.

"ಬರಾಬರ್!" ಎಂದೆ ನಾನು.

ಕಣ್ಣು ತೆರೆದ. ಬೆರಳ ನಡುವೆ ಒಂದೇ ಎಳೆ. ಗೋಡೆಯ ಕಡೆ ಹೊರಳಿ ಮಲಗಿದ. ಕಡಲಲ್ಲಿ ಒದ್ದದ್ದಕ್ಕಿಂತ ಈ 'ಬರಾಬರ್' ಅವನಿಗೆ ಹೆಚ್ಚು ನೋಯಿಸಿತು ಎಂದು ನನಗೆ ಗೊತ್ತಾಯಿತು. ಅಂದಿನಿಂದ ಸುಳ್ಳು ಹೇಳಲಿಲ್ಲ. ತಪ್ಪಿದರೆ ತಪ್ಪು ಎಂದೆ. ತಪ್ಪುತ್ತಲೇ ಇತ್ತು. ಇಡ್ಲಿಯಿಲ್ಲದ ಊರಲ್ಲಿ ಅನ್ನ ಬೇಯಿಸಿ ಕಳಿಸುತ್ತಿದ್ದ ಕೆತುತ್ ಒಂದು ದಿನ ತಾನೇ ಬಂದಳು, ಬಾಗಿಲಲ್ಲಿ ನಿಂತು ನಮ್ಮ ಎಳೆಯ ಆಟ ನೋಡಿದಳು, ಕಿಟಕಿಯ ಕಟ್ಟೆಯ ಮೇಲೆ ಹೂವಿನ ದೊನ್ನೆ ಇಟ್ಟು ಹೋದಳು. ಅವಳ ಹಣೆಯ ಮೇಲೂ ಚಿಂತೆಯ ಗೆರೆ ಇತ್ತು. ನನ್ನ ಹಿಂದೆ ಅವಳೂ ಆಳಕ್ಕೆ ಇಳಿದಿದ್ದಳು ಎಂಬುದನ್ನು ನಾನು ಆವರೆಗೆ ವಿಚಾರವೇ ಮಾಡಿರಲಿಲ್ಲ.

ಒಂದು ಬೆಳಿಗ್ಗೆ, ಉಕ್ಕಿನ ಕೋಣೆಗೆ ಹೋಗುವ ಮುಂಚೆ, ವೀರೇಶ ಮತ್ತೆ ಕೈ ಚಾಚಿದ. ನಾನು ಮೂರು ಎಳೆ ಇಟ್ಟೆ. ಮೆಲ್ಲಗೆ ಹೊಸಕಿದ. ಹುಬ್ಬು ಗಂಟಾಯಿತು. ಮತ್ತೊಮ್ಮೆ ಹೊಸಕಿದ.

"ಮೂರು," ಎಂದ. "ಅದ್ರಾಗ ಒಂದು ಹರದೈತಿ."

ಮೂರು ಸರಿ. ಹರಿದದ್ದು ಯಾವುದೂ ನನಗೆ ಕಾಣಲಿಲ್ಲ. ಚಷ್ಮಾ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಎಳೆ ನಡುವೆ ಸವೆದು, ಕೂದಲಿನಂಥ ನಾಲ್ಕು ನಾರಿನ ಮೇಲೆ ನಿಂತಿತ್ತು. ಮುಟ್ಟಿದ್ದೇ ತಡ ಎರಡು ತುಂಡಾಯಿತು.

"ನಾರಾಯಣಪೇಟಿ ಮಾಲು," ಎಂದ ವೀರೇಶ, ಇನ್ನೂ ಕಣ್ಣು ಮುಚ್ಚಿಕೊಂಡೇ. "ಗದ್ವಾಲದ್ದಾಗಿದ್ರ ಹಿಂಗ ಹರೀತಿದ್ದಿಲ್ಲ."

ನಾನು ಅಲ್ಲೇ ಮಂಚದ ಕಾಲ ಹತ್ತಿರ ಕುಸಿದು ಕೂತು ಅತ್ತೆ. ಹೊಟ್ಟೆ ಕುಲುಕಿ ಕುಲುಕಿ ಅತ್ತೆ. ನರ್ಸು ಓಡಿಬಂದು, ಪೇಷಂಟು ಯಾರು ಎಂದು ಗೊತ್ತಾಗದೆ, ನನ್ನ ನಾಡಿ ಹಿಡಿದಳು.

ವೀರೇಶ ತನ್ನ ಫೋನಿನಲ್ಲಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದ. ಆಕೆಯ ಮುಖ ಬಂತು. ನಾನು ನಡುವೆ ತಲೆ ಹಾಕಿ, "ಬೆರಳು ಬಂದಾವ! ಹರದದ್ದೂ ಗೊತ್ತಾತು ಅವಗ!" ಎಂದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ವೀರೇಶಾ, ಗಂಟು ಹಾಕು," ಎಂದಳು.

ಮಗ್ಗದಲ್ಲಿ ಎಳೆ ಹರಿದರೆ ನೇಕಾರರು ಎರಡು ತುದಿಯನ್ನು ಬೆರಳಲ್ಲೇ ಹೊರಳಿಸಿ ಒಂದು ಗಂಟು ಹಾಕುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ, ನಮ್ಮಂಥವರಿಗೆ ನೋಡಿದರೂ ತಿಳಿಯುವುದಿಲ್ಲ. ವೀರೇಶ ಹರಿದ ಎರಡು ತುದಿ ತೆಗೆದುಕೊಂಡ. ನಾನು ಫೋನು ಅವನ ಕೈಯ ಮೇಲೆ ಹಿಡಿದೆ. ಮೊದಲ ಸಲ ತುದಿ ಜಾರಿತು. ಮತ್ತೆ ಜಾರಿತು. ಇನ್ನೊಮ್ಮೆ ತುದಿಗಳನ್ನು ಅಡ್ಡ ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಸುತ್ತಿ ಎಳೆದ. ಗಂಟು ಕೂತಿತು.

"ಜಗ್ಗಿ ತೋರ್ಸು."

ಜಗ್ಗಿದ. ಹಿಡಿಯಿತು.

ಆ ಕಡೆ ಅನಸೂಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಫೋನಿನಲ್ಲಿ ಬಹಳ ಹೊತ್ತು ಬರೀ ನಮ್ಮ ಮನೆಯ ಗೋಡೆ ಕಂಡಿತು. ಆಮೇಲೆ ಮುಖ ಒರೆಸಿಕೊಂಡು ಬಂದಳು.

"ಅವರಿಗೆ ಕೊಡು," ಎಂದಳು.

ಫೋನನ್ನು ನನ್ನ ಮುಖದ ಕಡೆ ತಿರುಗಿಸಿಕೊಂಡೆ. ಅವಳು ನನ್ನ ಗಡ್ಡ, ಒಳಹೋದ ಕಣ್ಣು, ಎಲ್ಲವನ್ನೂ ನೋಡಿದಳು.

"ಉಂಡೀರೇನ್ರಿ?"

"ಇಲ್ಲ," ಎಂದೆ.

"ಮೊದ್ಲು ಉಣ್ರಿ," ಎಂದಳು. "ಬೈಯೋದು ಮನಿಗೆ ಬಂದ ಮ್ಯಾಲ ಐತಿ."